ಮುಂಚಕ್ರದ ದೋಷಪತ್ತೆ: ಬ್ರಿಟನ್ನಿನ ಕಿಟ್ ಕಾರುಗಳ ಇತಿಹಾಸದ ಒಂದು ಅಧ್ಯಾಯ

ಬಿಡಿಭಾಗಗಳನ್ನು ಕೊಂಡು ತಂದು ಮನೆಯ ಗ್ಯಾರೇಜಿನಲ್ಲೇ ಕಾರು ಕಟ್ಟಿಕೊಳ್ಳುವ ಹವ್ಯಾಸವು ಎರಡನೆಯ ಮಹಾಯುದ್ಧದ ಅನಂತರದ ಬ್ರಿಟನ್ನಿನಲ್ಲಿ ವ್ಯಾಪಕವಾಗಿ ಬೆಳೆದುದಕ್ಕೆ ಯಂತ್ರಪ್ರೀತಿಯಷ್ಟೇ ತೆರಿಗೆಯೂ ಕಾರಣವಾಗಿತ್ತು. 1940ರಲ್ಲಿ ಜಾರಿಗೆ ಬಂದ ಪರ್ಚೇಸ್ ಟ್ಯಾಕ್ಸ್ ಎಂಬ ಮಾರಾಟ ತೆರಿಗೆಯನ್ನು ಸಿದ್ಧ ಕಾರಿಗೆ ತೆರಬೇಕಾಗಿತ್ತೇ ಹೊರತು, ಕೊಳ್ಳುವವನೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಕಟ್ಟಿಗೆ, ಅಂದರೆ ಕಿಟ್‌ಗೆ, ತೆರಬೇಕಾಗಿರಲಿಲ್ಲ. ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಕಾರು ಸಿದ್ಧರೂಪದಲ್ಲಿ ಸಾವಿರ ಪೌಂಡಿಗೂ ಮಿಕ್ಕಿದ ಬೆಲೆಯದಾಗಿದ್ದರೆ, ಕಿಟ್ ರೂಪದಲ್ಲಿ ಅದರ ಸುಮಾರು ಅರ್ಧ ಬೆಲೆಗೆ ದೊರೆಯುತ್ತಿತ್ತು. ಈ ಉಳಿತಾಯದ ಜೊತೆಯಲ್ಲೇ, ಅದುವರೆಗೆ ಕಾರ್ಖಾನೆಯದಾಗಿದ್ದ ಒಂದು ಹೊಣೆಯೂ ಕೊಳ್ಳುಗನ ಪಾಲಿಗೆ ಬಂದಿತು: ಮುಂಚಕ್ರಗಳು ಸರಿಯಾದ ಕೋನದಲ್ಲಿ ನಿಂತಿವೆಯೇ ಎಂದು ಪರೀಕ್ಷಿಸುವುದು, ನಿಲ್ಲದಿದ್ದರೆ ಕಾರಣವನ್ನು ಹುಡುಕುವುದು. ಮನೆಯಲ್ಲಿ ಕಟ್ಟಿದ ಕಾರಿನ ಮುಂಭಾಗದ ಸಸ್ಪೆನ್ಷನ್ನಿನಲ್ಲಿ, ಎಂದರೆ ಚಕ್ರಗಳನ್ನು ಚಾಸಿಗೆ ತೂಗುಹಾಕುವ ಸ್ಪ್ರಿಂಗ್ ಮತ್ತು ತೋಳುಗಳ ವ್ಯವಸ್ಥೆಯಲ್ಲಿ, ದೋಷವನ್ನು ಪತ್ತೆಹಚ್ಚುವ ಕ್ರಮ ರೂಪುಗೊಂಡ ಬಗೆಯು ಈ ಹೊಣೆಯ ಹಸ್ತಾಂತರದ ಇತಿಹಾಸವೇ ಆಗಿದೆ.

ಸಮಸ್ಯೆ ಕಿಟ್ ಕಾರಿಗಿಂತ ಹಳೆಯದು. ಎರಡು ಮುಂಚಕ್ರಗಳನ್ನೂ ಒಂದೇ ಅಖಂಡ ದಂಡಕ್ಕೆ ಜೋಡಿಸಿದ ಬೀಮ್ ಆಕ್ಸಲ್ಲಿನ ಕಾರುಗಳಲ್ಲಿ ಒಂದು ಚಕ್ರ ಉಬ್ಬನ್ನು ಏರಿದರೆ ದಂಡವೇ ಓರೆಯಾಗಿ ಎರಡೂ ಚಕ್ರಗಳು ವಾಲುತ್ತಿದ್ದವು. ತಿರುಗುತ್ತಿರುವ ಚಕ್ರವನ್ನು ವಾಲಿಸಿದರೆ ಅದು ಪಕ್ಕಕ್ಕೆ ಹೊರಳಲು ಯತ್ನಿಸುವುದರಿಂದ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಬಿರುಸಾಗಿ ಅದುರುತ್ತಿತ್ತು. ಶಿಮ್ಮಿ ಎಂದು ಕರೆಯಲಾದ ಈ ಅದುರುವಿಕೆ 1920ರ ದಶಕದಲ್ಲಿ ಮೆತ್ತನೆಯ ಬಲೂನ್ ಟೈರುಗಳೂ ಮುಂಚಕ್ರದ ಬ್ರೇಕುಗಳೂ ಬಂದ ಮೇಲೆ ಇನ್ನಷ್ಟು ತೀವ್ರವಾಯಿತು. ರೋಲ್ಸ್ ರಾಯ್ಸ್ ಸಂಸ್ಥೆಯನ್ನು ಬಿಟ್ಟು 1930ರಲ್ಲಿ ಅಮೆರಿಕದ ಕ್ಯಾಡಿಲಾಕ್ ಸೇರಿದ ಇಂಗ್ಲಿಷ್ ಎಂಜಿನಿಯರ್ ಮಾರಿಸ್ ಆಲಿ ಸಸ್ಪೆನ್ಷನ್ನಿನ ವರ್ತನೆಯನ್ನು ಊಹೆಗೆ ಬಿಡದೆ, ತೂಕಗಳನ್ನು ಸರಿಸಿ ನೋಡಬಹುದಾದ ಪರೀಕ್ಷಾ ಕಾರನ್ನೇ ಕಟ್ಟಿ ಅಭ್ಯಸಿಸಿದರು. ಜನರಲ್ ಮೋಟರ್ಸ್ 1934ರ ಮಾದರಿಗಳಲ್ಲಿ ಒಂದೊಂದು ಮುಂಚಕ್ರವೂ ಬೇರೆಬೇರೆಯಾಗಿ ಏರಿಳಿಯುವ ಸ್ವತಂತ್ರ ಸಸ್ಪೆನ್ಷನ್ನನ್ನು ಅಳವಡಿಸಿದ್ದರ ಹಿಂದೆ ಈ ಅಧ್ಯಯನವಿತ್ತು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪರಿಣಾಮವನ್ನು ಗಮನಿಸುವ ಆ ಶಿಸ್ತೇ ಮುಂದೆ ಹವ್ಯಾಸಿಗಳ ದೋಷಪತ್ತೆಗೂ ಆಧಾರವಾಯಿತು.

ಬ್ರಿಟನ್ನಿನ ಹವ್ಯಾಸಿಗಳು ಮೊದಲು ಕೈಹಾಕಿದ್ದು ಹಳೆಯ ಆಸ್ಟಿನ್ ಸೆವೆನ್ ಮತ್ತು ಫೋರ್ಡ್ ಕಾರುಗಳಿಗೆ. ಆಸ್ಟಿನ್ ಸೆವೆನ್ ಕಾರಿನ ಸುತ್ತ 1939ರಲ್ಲಿ ಹುಟ್ಟಿದ 750 ಮೋಟಾರ್ ಕ್ಲಬ್ ಇಂಥವರನ್ನು ಒಂದುಗೂಡಿಸಿತು. ಚಾಪ್‌ಮನ್‌ರ ಮೊದಲ ಕಾರೂ ಆಸ್ಟಿನ್ ಸೆವೆನ್ ಒಂದರ ರೂಪಾಂತರವೇ ಆಗಿತ್ತು. ಬೀಮ್ ಆಕ್ಸಲ್ಲನ್ನು ನಡುವೆ ಕತ್ತರಿಸಿ ಎರಡು ಅರ್ಧಗಳನ್ನೂ ಮಧ್ಯದಲ್ಲಿ ಕೀಲಿಗೆ ಸಿಕ್ಕಿಸುವ, ಲೆಸ್ಲಿ ಬ್ಯಾಲಮಿ ಪ್ರಚುರಪಡಿಸಿದ ಉಪಾಯವು ಅಗ್ಗದಲ್ಲಿ ಸ್ವತಂತ್ರ ಸಸ್ಪೆನ್ಷನ್ನನ್ನು ಒದಗಿಸಿತು, ಮತ್ತು ಲೋಟಸ್ ಸೆವೆನ್‌ಗೂ ಮುಂಚೆ ಕಿಟ್ ರೂಪದಲ್ಲಿ ಮಾರಾಟವಾದ ಲೋಟಸ್ ಮಾರ್ಕ್ 6 ಅದನ್ನೇ ಬಳಸಿತು. ಆದರೆ ಚಕ್ರ ಏರಿದಂತೆಲ್ಲ ಅದರ ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಲಂಬರೇಖೆಯಿಂದ ಚಕ್ರವು ವಾಲಿರುವ ಕೋನ, ಬಹಳವಾಗಿ ಬದಲಾಗುತ್ತಿತ್ತು. ನಿಂತ ಕಾರಿನಲ್ಲಿ ಸರಿಯಾಗಿದ್ದ ಅಳತೆ ಓಡುವ ಕಾರಿನಲ್ಲಿ ಸರಿಯಾಗಿರಲೇಬೇಕೆಂದಿಲ್ಲ ಎಂಬ ಪಾಠವನ್ನು ಹವ್ಯಾಸಿಗಳು ಕಲಿತದ್ದು ಇಂಥ ಕಾರುಗಳಿಂದ.

ಲೋಟಸ್ ಸೆವೆನ್ ಮೇಲೊಂದು ಕೆಳಗೊಂದು ತೋಳಿನ ನಡುವೆ ಚಕ್ರವನ್ನು ಹಿಡಿಯುವ ವಿಶ್‌ಬೋನ್ ವ್ಯವಸ್ಥೆಗೆ ಬಂದಿತು. ಒಂದು ಭಾಗದಿಂದ ಎರಡು ಕೆಲಸ ತೆಗೆಯುವ ಚಾಪ್‌ಮನ್‌ರ ರೀತಿಗೆ ಅನುಗುಣವಾಗಿ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆ್ಯಂಟಿ-ರೋಲ್ ಬಾರ್ ಎಂಬ ಉಕ್ಕಿನ ಸರಳೇ ಮೇಲಿನ ವಿಶ್‌ಬೋನಿನ ಒಂದು ತೋಳೂ ಆಯಿತು. ಇದರಿಂದ ತೂಕ ಉಳಿಯಿತಾದರೂ, ಆ ಸರಳನ್ನು ಹಿಡಿದ ರಬ್ಬರ್ ಬುಷ್ ಸವೆದರೆ ಚಕ್ರದ ಮೇಲಿನ ಕೀಲು ಹಿಂದುಮುಂದಕ್ಕೆ ಸರಿದು ಕ್ಯಾಸ್ಟರ್ ಕೆಡುತ್ತಿತ್ತು. ಚಕ್ರ ಹೊರಳುವ ಅಕ್ಷವು ಪಕ್ಕದಿಂದ ನೋಡಿದಾಗ ಹಿಂದಕ್ಕೆ ಬಾಗಿರುವ ಕೋನಕ್ಕೆ ಕ್ಯಾಸ್ಟರ್ ಎಂದು ಹೆಸರು, ಮತ್ತು ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಮುಖ್ಯವಾಗಿ ಅದರಿಂದಲೇ. ಚಕ್ರದ ಬೇರಿಂಗನ್ನು ಹೊರುವ ಅಪ್‌ರೈಟ್ ಎಂಬ ಲಂಬ ಭಾಗವನ್ನು ಅನೇಕ ಕಿಟ್ ಕಾರುಗಳು ಟ್ರಯಂಫ್ ಬಳಗದ ಕಾರುಗಳಿಂದ ಪಡೆದುಕೊಂಡವು. ಅದರ ಕೆಳತುದಿಯ ತಿರುಪಿನ ಎಳೆ ಟ್ರನಿಯನ್ ಎಂಬ ಲೋಹದ ಕೀಲಿನೊಳಗೆ ತಿರುಗುವಂಥದ್ದು. ಅದಕ್ಕೆ ಎಣ್ಣೆ ಹಾಕುವುದನ್ನು ಅಲಕ್ಷಿಸಿದರೆ ಒಳಗೆ ತುಕ್ಕು ಹಿಡಿದು, ಸ್ಟೀರಿಂಗ್ ಬಿಗಿಯಾಗಿ, ಕೊನೆಗೆ ಅಪ್‌ರೈಟೇ ಮುರಿಯುವ ಅಪಾಯವಿತ್ತು.

1973ರಲ್ಲಿ ಪರ್ಚೇಸ್ ಟ್ಯಾಕ್ಸ್ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಕಿಟ್‌ಗಿದ್ದ ವಿನಾಯಿತಿ ಕೊನೆಗೊಂಡಿತು. ಅದೇ ವರ್ಷ ಲೋಟಸ್ ಸೆವೆನ್ ಕಾರಿನ ಹಕ್ಕುಗಳು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋದವು. ಆದರೂ ಹವ್ಯಾಸ ನಿಲ್ಲಲಿಲ್ಲ. 250 ಪೌಂಡಿನಷ್ಟು ಕಡಿಮೆ ಹಣದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವ ಬಗೆಯನ್ನು ವಿವರಿಸಿ ರಾನ್ ಚಾಂಪಿಯನ್ 1996ರಲ್ಲಿ ಪ್ರಕಟಿಸಿದ ಪುಸ್ತಕದಿಂದ, ಚಾಸಿಯನ್ನೂ ಮನೆಯಲ್ಲೇ ಬೆಸುಗೆ ಹಾಕುವ ಲೋಕಾಸ್ಟ್ ಎಂಬ ಕಾರಿನ ಪರಂಪರೆ ಹಬ್ಬಿತು. ಇವುಗಳಿಗೆ ಎಂಜಿನ್ ಮುಂತಾದವನ್ನು ಹಳೆಯ ಫೋರ್ಡ್ ಎಸ್ಕಾರ್ಟ್ ಒದಗಿಸಿದರೂ ಅದರ ಮುಂಭಾಗದ ಸಸ್ಪೆನ್ಷನ್ ವಿಶ್‌ಬೋನ್ ಬಗೆಯದಲ್ಲವಾದ್ದರಿಂದ, ಅಪ್‌ರೈಟ್ ಮಾತ್ರ 1970ರ ಅನಂತರದ ಫೋರ್ಡ್ ಕಾರ್ಟಿನಾದಿಂದ ಬರುತ್ತಿತ್ತು. ಸಾವಿರ ಕಿಲೋ ತೂಗುವ ಮನೆವಾರ್ತೆಯ ಕಾರಿಗೆಂದು ರೂಪಿಸಿದ ಭಾಗವು ಅದರ ಸುಮಾರು ಅರ್ಧ ತೂಕದ ಕಾರಿಗೆ ಬಂದಾಗ ಚಕ್ರವನ್ನು ನೇರಕ್ಕೆ ಎಳೆಯುವ ಬಲವೂ ಕುಗ್ಗಿತು. ತಿರುವಿನಿಂದ ಹೊರಬಂದರೂ ಸ್ಟೀರಿಂಗ್ ನೇರವಾಗದಿರುವುದು ಇಂಥ ಕಾರುಗಳ ಪರಿಚಿತ ದೂರು ಆಯಿತು.

ಬೇರೆಬೇರೆ ಕಾರುಗಳ ಭಾಗಗಳು ಒಂದೆಡೆ ಸೇರಿದಾಗ ಯಾವ ತಯಾರಕರ ಕೈಪಿಡಿಯೂ ಪೂರ್ತಿ ಉತ್ತರ ಕೊಡಲಾರದಾದ್ದರಿಂದ, ಸುಲಭವಾದುದನ್ನು ಮೊದಲು ನೋಡಿ ಕಷ್ಟದ್ದನ್ನು ಕೊನೆಗೆ ನೋಡುವ ಕ್ರಮ ಬಳಕೆಗೆ ಬಂದಿತು. ಮೊದಲು ಟೈರಿನ ಗಾಳಿ ಮತ್ತು ಸವೆತ: ಒಳಅಂಚು ಮಾತ್ರ ಸವೆದಿದ್ದರೆ ಚಕ್ರ ಒಳಕ್ಕೆ ಅತಿಯಾಗಿ ವಾಲಿರಬಹುದು, ಪಟ್ಟಿಗಳ ಅಂಚು ಒಂದೇ ದಿಕ್ಕಿಗೆ ಚೂಪಾಗಿದ್ದರೆ ಟೋ ತಪ್ಪಿರಬಹುದು; ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂದಿನ ಅಂಚುಗಳು ಪರಸ್ಪರ ಹತ್ತಿರವಾಗಿವೆಯೋ ದೂರವಾಗಿವೆಯೋ ಎಂಬುದನ್ನು ಟೋ ಸೂಚಿಸುತ್ತದೆ. ಅನಂತರ ಸಡಿಲ: ಕಾರನ್ನು ಜಾಕಿನಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ಕೂರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಟವಿದ್ದು, ಇನ್ನೊಬ್ಬರು ಬ್ರೇಕ್ ಒತ್ತಿದೊಡನೆ ಅದು ಮರೆಯಾದರೆ ದೋಷ ಬೇರಿಂಗಿನದು, ಉಳಿದರೆ ಬಾಲ್ ಜಾಯಿಂಟ್ ಎಂಬ ಗೋಲಾಕಾರದ ಕೀಲಿನದು ಅಥವಾ ಬುಷ್‌ನದು. ಆಟವೆಲ್ಲ ಹೋದ ಮೇಲಷ್ಟೇ ಅಳತೆಗೆ ಬೆಲೆ. ಕಾರಿನ ನಡುರೇಖೆಗೆ ಸಮಾನಾಂತರವಾಗಿ ಇಬ್ಬದಿಗೂ ದಾರ ಬಿಗಿದು ಟೋವನ್ನೂ, ಮಟ್ಟಗೋಲಿನಿಂದ ಕ್ಯಾಂಬರನ್ನೂ ಅಳೆಯುವ ವಿಧಾನಕ್ಕೆ ದುಬಾರಿ ಉಪಕರಣ ಬೇಡ. ಬೇಕಾದದ್ದು ಸಮತಟ್ಟಾದ ನೆಲ, ಮತ್ತು ಚಾಲಕನ ಆಸನದಲ್ಲಿ ಆತನಷ್ಟೇ ತೂಕ.

ಈ ಪರೀಕ್ಷೆಗಳಿಗೂ ಸಿಗದೆ ಉಳಿಯುವ ದೋಷವೆಂದರೆ ಬಂಪ್ ಸ್ಟೀರ್, ಅಂದರೆ ಸ್ಟೀರಿಂಗ್ ತಿರುಗಿಸದಿದ್ದರೂ ಉಬ್ಬುತಗ್ಗಿನಲ್ಲಿ ಚಕ್ರ ತಾನೇ ಹೊರಳುವುದು. ಸ್ಟೀರಿಂಗ್ ಕಡ್ಡಿಯೂ ವಿಶ್‌ಬೋನುಗಳೂ ಒಂದಕ್ಕೊಂದು ಹೊಂದದ ಕಂಸಗಳಲ್ಲಿ ಚಲಿಸುವುದೇ ಇದಕ್ಕೆ ಕಾರಣ; ಒಂದು ಕಾರಿನ ಸ್ಟೀರಿಂಗ್ ರ್‍ಯಾಕನ್ನು ಇನ್ನೊಂದರ ಅಪ್‌ರೈಟಿನೊಂದಿಗೆ ಕೂಡಿಸುವ ಕಿಟ್ ಕಾರಿನಲ್ಲಿ ಇದು ಸಹಜವಾಗಿಯೇ ಹೆಚ್ಚು. ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜಾಕಿನಿಂದ ಹಂತಹಂತವಾಗಿ ಏರಿಸುತ್ತ ಪ್ರತಿ ಹಂತದಲ್ಲೂ ಟೋ ಅಳೆದರೆ ದೋಷ ಅಂಕಿಗಳಲ್ಲೇ ಕಾಣುತ್ತದೆ, ಮತ್ತು ರ್‍ಯಾಕಿನ ಎತ್ತರವನ್ನು ತುಸು ಬದಲಿಸಿದರೆ ಬಹುಪಾಲು ಸರಿಹೋಗುತ್ತದೆ. ಇದಕ್ಕಿಂತಲೂ ಸಾಮಾನ್ಯವಾದ ಇನ್ನೊಂದು ತಪ್ಪು ಜೋಡಣೆಯದು: ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬೋಲ್ಟುಗಳನ್ನು ಬಿಗಿದರೆ, ಕಾರು ನೆಲಕ್ಕಿಳಿದೊಡನೆ ರಬ್ಬರ್ ಬುಷ್ ತಿರುಚಿಕೊಂಡು, ತಾನೇ ಸ್ಪ್ರಿಂಗಿನಂತೆ ವರ್ತಿಸಿ, ಬೇಗ ಹರಿಯುತ್ತದೆ.

1998ರಲ್ಲಿ ಸಿಂಗಲ್ ವೆಹಿಕಲ್ ಅಪ್ರೂವಲ್ ಎಂಬ ಪರೀಕ್ಷೆಯೂ 2009ರಲ್ಲಿ ಅದರ ಸ್ಥಾನಕ್ಕೆ ಐವಿಎ (ಇಂಡಿವಿಜುಯಲ್ ವೆಹಿಕಲ್ ಅಪ್ರೂವಲ್) ಪರೀಕ್ಷೆಯೂ ಬಂದ ಮೇಲೆ, ಮನೆಯಲ್ಲಿ ಕಟ್ಟಿದ ಕಾರು ರಸ್ತೆಗಿಳಿಯುವ ಮೊದಲು ಸರ್ಕಾರಿ ಪರೀಕ್ಷಕರ ಮುಂದೆ ನಿಲ್ಲಬೇಕಾಯಿತು, ಮತ್ತು ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುತ್ತದೆಯೇ ಎಂಬುದು ಆ ಪರೀಕ್ಷೆಯ ಭಾಗವಾಯಿತು. ಹವ್ಯಾಸಿಯ ಸ್ವಾತಂತ್ರ್ಯವನ್ನು ಇದು ಕುಗ್ಗಿಸಿತೆಂದು ತಿಳಿಯುವುದು ಸರಿಯಲ್ಲ. ತೆರಿಗೆಯ ಉಳಿತಾಯಕ್ಕಾಗಿ ಆರಂಭವಾದ ಪದ್ಧತಿಯು ತೆರಿಗೆ ಹೋದ ಮೇಲೂ ಬದುಕಿದ್ದು ತನ್ನ ಕಾರಿನ ಕೋನಗಳಿಗೆ ತಾನೇ ಉತ್ತರ ಹೇಳಬಲ್ಲ ಜ್ಞಾನವನ್ನು ಅದು ಸಾಮಾನ್ಯ ಜನರಲ್ಲಿ ಬೆಳೆಸಿದ್ದರಿಂದ. ಪರೀಕ್ಷಕರು ಕೇಳತೊಡಗಿದ್ದೂ ಆ ಉತ್ತರವನ್ನೇ. ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಹುಟ್ಟಿದ ಅಳತೆಯ ಶಿಸ್ತನ್ನು ದಾರಕ್ಕೂ ಮಟ್ಟಗೋಲಿಗೂ ಒಗ್ಗಿಸಿ ಮನೆಮನೆಗೆ ತಲುಪಿಸಿದ್ದೇ ಕಿಟ್ ಕಾರು ತಂತ್ರಜ್ಞಾನದ ಇತಿಹಾಸಕ್ಕೆ ನೀಡಿದ ನಿಜವಾದ ಕೊಡುಗೆ.