ನಿಂತ ಗಾಡಿಗೆ ಬಿದ್ದ ಪೆಟ್ಟು

ತಮ್ಮ ಹಳೆಯ ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ ಹೋಗಿದ್ದಾಗ ಮತ್ತೊಬ್ಬರ ವಾಹನ ತಾಕಿ ಜಖಂಗೊಂಡರೆ, ನಷ್ಟ ಕಟ್ಟಿಕೊಡಬೇಕಾದವರು ಯಾರು? ತಪ್ಪು ಮಾಡಿದವರು ಎಂದು ಮಕ್ಕಳೂ ಹೇಳಿಯಾರು. ಆದರೆ ನ್ಯಾಯವೆಂದು ತೋರಿದ್ದೆಲ್ಲ ಕಾಯಿದೆಯ ಪುಸ್ತಕವನ್ನು ಸೇರುವುದಕ್ಕೆ ಕಾಲ ಹಿಡಿಯುತ್ತದೆ. ಈ ಮಾತು ವಿಮೆಯ ಕಾಯಿದೆಯೊಳಗೆ ಬಂದದ್ದು 1970ರಲ್ಲಿ.

ಮೋಟಾರು ಇಟ್ಟವರು ಮೂರನೆಯವರ ಸಲುವಾಗಿ ವಿಮೆ ಮಾಡಿಸಲೇಬೇಕೆಂದು ಬ್ರಿಟನ್ 1930ರಲ್ಲಿ ಕಟ್ಟಳೆ ಮಾಡಿತು. ನಮ್ಮಲ್ಲಿ ಅದು 1939ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಸೇರಿತು. ವಿಮೆಯ ಅಧ್ಯಾಯ ಜಾರಿಗೆ ಬಂದದ್ದು ಮಾತ್ರ 1946ರ ಜುಲೈ 1ರಂದು. ಇಂದು ಹನೂರು ತಾಲ್ಲೂಕಿಗೆ ಸೇರಿರುವ ಒಡೆಯರಪಾಳ್ಯದ ಸೀಮೆ ಆಗ ಕೊಳ್ಳೇಗಾಲ ತಾಲ್ಲೂಕಿನೊಡನೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು. ಬ್ರಿಟಿಷ್ ಇಂಡಿಯಾದ ಶಾಸನ ಕೊಳ್ಳೇಗಾಲಕ್ಕೆ ತಾನಾಗಿ ಅನ್ವಯಿಸುತ್ತಿತ್ತು, ಯಳಂದೂರಿಗೆ ಇಲ್ಲ. ಈ ಎರಡು ಊರುಗಳು ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು.

ಅದೇ 1956ರ ತಿದ್ದುಪಡಿ, ಪರಿಹಾರದ ಅರ್ಜಿಗಳಿಗೆಂದೇ ಪ್ರತ್ಯೇಕ ನ್ಯಾಯಮಂಡಲಿಗಳಿಗೆ ದಾರಿ ಮಾಡಿತು. ಆದರೂ ಕಾಯಿದೆಯ ಕಣ್ಣಿಗೆ ಬಿದ್ದದ್ದು ಮನುಷ್ಯರ ಪ್ರಾಣ ಮತ್ತು ಮೈಗಾಯ ಮಾತ್ರ. ಜಜ್ಜಿದ ಬಾಗಿಲಿಗೆ, ಒಡೆದ ದೀಪಕ್ಕೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕಿತ್ತು. ಬಾಗಿಲಿನ ಬೆಲೆಗಿಂತ ವಕೀಲರ ಫೀಜೇ ಹೆಚ್ಚಾದೀತೆಂದು ಹೆದರುವಂಥ ಸಂದರ್ಭ! 1969ರ ತಿದ್ದುಪಡಿ 1970ರ ಮಾರ್ಚ್ 2ರಂದು ಜಾರಿಗೆ ಬಂದು, ಮೂರನೆಯವರ ಆಸ್ತಿಯ ಹಾನಿಯನ್ನೂ ಕಡ್ಡಾಯ ವಿಮೆಯೊಳಗೆ ಸೇರಿಸಿತು. ಮಿತಿ 2,000 ರೂಪಾಯಿ. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಕಾಯಿದೆಯಲ್ಲಿ ಅದು 6,000 ಆಗಿತ್ತು. ಕಂಪನಿಗಳು ಕಾರಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 7,50,000 ರೂಪಾಯಿಯವರೆಗೂ ಹೊಣೆ ಹೊರುತ್ತ ಬಂದಿವೆ.

ಇನ್ನು ಹಳೆಯ ಗಾಡಿಯ ಮಾತು. ವಯಸ್ಸಾದ ಗಾಡಿಗೆ ಕಡ್ಡಾಯ ವಿಮೆಯೊಂದೇ ಸಾಕೆಂದು ಬಿಡುವವರುಂಟು. ಆ ವಿಮೆ ತಮ್ಮ ಗಾಡಿಯ ರಿಪೇರಿಗೆ ಕಾಸು ಕೊಡುವುದಿಲ್ಲ. ಪೂರ್ಣ ಪಾಲಿಸಿ ಇದ್ದರೂ ಸವಕಳಿಯ ಲೆಕ್ಕ ಉಂಟು: 2002ರ ದರಪಟ್ಟಿಯಂತೆ ರಬ್ಬರು, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಡಿತ, ಹತ್ತು ವರ್ಷ ಮೀರಿದ ಗಾಡಿಯ ಲೋಹದ ಭಾಗಗಳಿಗೂ ಅರ್ಧ. ಗಾಜಿಗೆ ಕಡಿತವಿಲ್ಲ. ಅಲ್ಲದೆ ಸ್ವಂತ ಪಾಲಿಸಿಯಲ್ಲಿ ಹಣ ಕೇಳಿದರೆ, ಹಿಂದೆ ಏನೂ ಕೇಳದಿದ್ದಕ್ಕಾಗಿ ದೊರೆತಿದ್ದ ರಿಯಾಯಿತಿ ಹೋಗುತ್ತದೆ. ಆದರೆ ಸವಕಳಿಯ ಆ ಪಟ್ಟಿ ತಮಗೂ ತಮ್ಮ ಕಂಪನಿಗೂ ನಡುವಣ ಕರಾರು. ತಾಕಿಸಿದವರ ಮೇಲೆ ಅರ್ಜಿ ಹಾಕಿದಾಗ ನಷ್ಟವೆಷ್ಟೆಂದು ಸಾಕ್ಷ್ಯ ನೋಡಿ ತೀರ್ಮಾನಿಸುವುದು ನ್ಯಾಯಮಂಡಲಿ.

ಆದ್ದರಿಂದ ಪೆಟ್ಟು ಬಿದ್ದ ಕೂಡಲೇ ಎದುರು ವಾಹನದ ನಂಬರು ಬರೆದುಕೊಳ್ಳಿರಿ. ಗಾಡಿಯನ್ನು ಕದಲಿಸುವ ಮೊದಲೇ ಫೋಟೋ ತೆಗೆಯಿರಿ. ನೋಡಿದವರ ಹೆಸರು ಕೇಳಿರಿ. ಪೊಲೀಸು ಠಾಣೆಗೂ ತಮ್ಮ ಕಂಪನಿಗೂ ತಿಳಿಸಿರಿ. ಪರೀಕ್ಷಕರು ನೋಡುವವರೆಗೆ ರಿಪೇರಿಗೆ ಕೈ ಹಚ್ಚದಿರಿ. ರಸೀತಿಗಳನ್ನು ಜೋಪಾನ ಮಾಡಿರಿ. ತಾಕಿಸಿ ಓಡಿಹೋದವರು ಸಿಕ್ಕದಿದ್ದರೆ ಸರ್ಕಾರದ ಪರಿಹಾರ ಯೋಜನೆ ಸಾವಿಗೆ ಮತ್ತು ತೀವ್ರ ಗಾಯಕ್ಕೆ ಮಾತ್ರ ಸಲ್ಲುತ್ತದೆ, ಗಾಡಿಗೆ ಅಲ್ಲ. ಕಾಯಿದೆ ಇಷ್ಟು ದೂರ ನಡೆದು ಬಂದಿದೆ. ಆ ನಂಬರನ್ನು ಗುರುತಿಟ್ಟುಕೊಳ್ಳುವ ಕೆಲಸ ಮಾತ್ರ ಇಂದಿಗೂ ನಮ್ಮದೇ.