ಜಾನ್ ಕಾರ್ಪೆಂಟರ್: ವೆಸ್ಟರ್ನ್ ಮಾಡದ ವೆಸ್ಟರ್ನ್ ನಿರ್ದೇಶಕ

ಅಮೆರಿಕದ ಜಾನ್ ಕಾರ್ಪೆಂಟರ್ ಭಯಾನಕ ಮತ್ತು ವೈಜ್ಞಾನಿಕ ಕಲ್ಪನೆಯ ಸಿನಿಮಾಗಳಿಗೆ ಹೆಸರಾದವರು. ಆದರೆ ಅವರು ಚಿತ್ರರಂಗಕ್ಕೆ ಬಂದದ್ದು ಕುದುರೆ, ಬಂದೂಕು, ಷೆರಿಫ್‌ಗಳ ವೆಸ್ಟರ್ನ್ ಚಿತ್ರ ಮಾಡುವ ಆಸೆಯಿಂದ. ಅವರು ಕೆಲಸ ಕಲಿತು ಹೊರಬರುವಷ್ಟರಲ್ಲಿ ಹಾಲಿವುಡ್‌ನಲ್ಲಿ ಆ ಬಗೆಯ ಚಿತ್ರಗಳ ಭರಾಟೆ ಇಳಿದಿತ್ತು. ಸಿನಿಮಾ ಮಂದಿರಕ್ಕೆಂದು ಅವರು ಒಂದೂ ವೆಸ್ಟರ್ನ್ ನಿರ್ದೇಶಿಸಲಿಲ್ಲ. ಹಾಗಿದ್ದೂ ಅವರ ಒಳ್ಳೆಯ ಚಿತ್ರಗಳಲ್ಲಿನ ಮುಖವಾಡ, ಅನ್ಯಗ್ರಹ ಜೀವಿಗಳನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ವೆಸ್ಟರ್ನ್ ಕಥೆಯೇ: ಗೋಡೆಗಳ ನಡುವೆ ಸಿಕ್ಕಿಬಿದ್ದ ಕೆಲವರು, ಹೊರಗೆ ಸುತ್ತುವರಿದ ವೈರಿ, ಬಾರದ ನೆರವು.

ಮನೆಯ ಸಂಗೀತ, ಕಾಲೇಜಿನ ಕ್ಯಾಮೆರಾ

ಕಾರ್ಪೆಂಟರ್ ಹುಟ್ಟಿದ್ದು 1948ರ ಜನವರಿ 16ರಂದು, ನ್ಯೂಯಾರ್ಕ್ ರಾಜ್ಯದ ಕಾರ್ತೇಜ್‌ನಲ್ಲಿ. ಬೆಳೆದದ್ದು ಕೆಂಟಕಿಯ ಬೌಲಿಂಗ್ ಗ್ರೀನ್‌ನಲ್ಲಿ. ತಂದೆ ಹೋವರ್ಡ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪ್ರಾಧ್ಯಾಪಕರು. ಐದು ಮಾತ್ರೆಯ ತಾಳವನ್ನು ಮಗನಿಗೆ ಬೊಂಗೊ ಮೇಲೆ ಹೇಳಿಕೊಟ್ಟವರು ಅವರೇ. ಈ ಪಾಠ ಮುಂದೆ ಜಗತ್ತಿನ ಅರ್ಧ ಜನರ ನಿದ್ದೆ ಕೆಡಿಸಲಿದೆ ಎಂದು ಪಾಪ ಅವರಿಗೇನು ಗೊತ್ತು!

ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಿತ್ರಶಾಲೆಯಲ್ಲಿದ್ದಾಗ ಅವರು ಕೈಜೋಡಿಸಿದ ‘ದ ರೆಸರೆಕ್ಷನ್ ಆಫ್ ಬ್ರಾಂಕೊ ಬಿಲ್ಲಿ’ (1970) ಕಿರುಚಿತ್ರಕ್ಕೆ ಆಸ್ಕರ್ ಬಂತು. ನಗರದಲ್ಲಿ ಬದುಕುತ್ತ ಕೌಬಾಯ್ ಕನಸು ಕಾಣುವ ಹುಡುಗನ ಕಥೆಯದು. ಮೊದಲ ಪೂರ್ಣಪ್ರಮಾಣದ ಚಿತ್ರ ‘ಡಾರ್ಕ್ ಸ್ಟಾರ್’ (1974) ಸಹಪಾಠಿ ಡ್ಯಾನ್ ಓಬ್ಯಾನನ್ ಜೊತೆ ಮಾಡಿದ ಅಂತರಿಕ್ಷ ಹಾಸ್ಯ. ದುಡ್ಡಿಲ್ಲದ ಕಾರಣ ಬಣ್ಣ ಬಳಿದ ಬೀಚ್ ಚೆಂಡೇ ಅದರಲ್ಲಿ ಅನ್ಯಗ್ರಹ ಜೀವಿಯಾಯಿತು. ಆ ಚೆಂಡಿಗೆ ಪ್ರೇಕ್ಷಕರು ಹೆದರಲಿಲ್ಲ. ಓಬ್ಯಾನನ್ ಹಟ ಬಿಡದೆ ನಿಜಕ್ಕೂ ಹೆದರಿಸುವ ಕಥೆಯೊಂದನ್ನು ಬರೆದರು. ಅದೇ 1979ರ ‘ಏಲಿಯನ್’.

ಹಾಕ್ಸ್ ಎಂಬ ಗುರು

ಕಾರ್ಪೆಂಟರ್ ಅತಿ ಹೆಚ್ಚು ಋಣಿಯಾಗಿರುವುದು ಹೋವರ್ಡ್ ಹಾಕ್ಸ್‌ಗೆ. ಹಾಕ್ಸ್ ನಿರ್ದೇಶನದ ‘ರಿಯೊ ಬ್ರಾವೊ’ದಲ್ಲಿ (1959) ಷೆರಿಫ್ ಒಬ್ಬ ಬೆರಳೆಣಿಕೆಯ ಸಂಗಾತಿಗಳೊಂದಿಗೆ ಜೈಲನ್ನು ಕಾಯುತ್ತಾನೆ. ಕಾರ್ಪೆಂಟರ್ ಅದನ್ನೇ ಲಾಸ್ ಏಂಜಲೀಸ್‌ನ ಮುಚ್ಚುತ್ತಿರುವ ಪೊಲೀಸ್ ಠಾಣೆಯೊಂದಕ್ಕೆ ತಂದು ‘ಅಸಾಲ್ಟ್ ಆನ್ ಪ್ರಿಸಿಂಕ್ಟ್ 13’ (1976) ಮಾಡಿದರು. ಹೊರಗೆ ಗ್ಯಾಂಗಿನವರು ಮುತ್ತಿರುವಾಗ ಒಳಗೆ ಅಧಿಕಾರಿ ಮತ್ತು ಕೈದಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಾರೆ. ಸಂಕಲನಕಾರರ ಹೆಸರು ಜಾನ್ ಟಿ. ಚಾನ್ಸ್ ಎಂದಿದೆ. ‘ರಿಯೊ ಬ್ರಾವೊ’ದಲ್ಲಿ ಜಾನ್ ವೇಯ್ನ್ ಮಾಡಿದ ಪಾತ್ರದ ಹೆಸರದು, ಸಂಕಲನ ಮಾಡಿದವರು ಸ್ವತಃ ಕಾರ್ಪೆಂಟರ್.

ಕಥೆಗಿಂತ ಮುಖ್ಯವಾಗಿ ಹಾಕ್ಸ್‌ರಿಂದ ಬಂದದ್ದು ಪಾತ್ರಗಳ ನಡವಳಿಕೆ. ಕಾರ್ಪೆಂಟರ್ ಚಿತ್ರಗಳಲ್ಲಿ ಯಾರೂ ತಮ್ಮ ನೋವನ್ನು ಭಾಷಣ ಮಾಡಿ ಹೇಳಿಕೊಳ್ಳುವುದಿಲ್ಲ. ಮಾತು ಕಡಿಮೆ. ಯಾರಿಗೆ ಕೆಲಸ ಗೊತ್ತು, ಯಾರನ್ನು ನಂಬಬಹುದು ಎಂಬುದರ ಮೇಲೆ ಮನುಷ್ಯರ ಬೆಲೆ ಕಟ್ಟಲಾಗುತ್ತದೆ.

ಹ್ಯಾಲೋವೀನ್: ಚಿಲ್ಲರೆ ಕಾಸಿನ ಭಯ

ಸುಮಾರು 3 ಲಕ್ಷ ಡಾಲರ್‌ನಲ್ಲಿ ತಯಾರಾದ ‘ಹ್ಯಾಲೋವೀನ್’ (1978) ಅಮೆರಿಕದಲ್ಲೇ 4 ಕೋಟಿ ಡಾಲರ್ ಮೀರಿ ಗಳಿಸಿತು. ಕಾರ್ಪೆಂಟರ್ ಜೊತೆ ಚಿತ್ರಕಥೆ ಬರೆದವರು ಡೆಬ್ರಾ ಹಿಲ್. ನಿರ್ಮಾಣದ ಹೊಣೆಯೂ ಅವರದೇ. ಕಥೆ ನಡೆಯುವುದು ಅಕ್ಟೋಬರ್ ಕೊನೆಯಲ್ಲಿ, ಇಲಿನಾಯ್‌ನ ಪುಟ್ಟ ಊರಲ್ಲಿ. ಚಿತ್ರೀಕರಣವಾದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ! ಹೀಗಾಗಿ ತಂಡದವರು ಎಲೆಗಳಿಗೆ ಬಣ್ಣ ಬಳಿದು ಬೀದಿಗೆ ಹರಡುವುದು, ದೃಶ್ಯ ಮುಗಿದ ಮೇಲೆ ಅವನ್ನೇ ಗುಡಿಸಿ ಚೀಲಕ್ಕೆ ತುಂಬಿ ಮತ್ತೆ ಬಳಸುವುದು ನಡೆಯಿತು. ಕೊಲೆಗಾರನ ಮುಖವಾಡ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕಿರ್ಕ್‌ನದು, ಅಂಗಡಿಯಿಂದ ತಂದು ಬಿಳಿ ಬಣ್ಣ ಹೊಡೆದರು.

ಉಳಿಸಿದ ಹಣದಲ್ಲಿ ಒಂದಷ್ಟು ಪ್ಯಾನಾವಿಷನ್ ಮಸೂರಗಳಿಗೆ ಹೋಯಿತು. ಬಡ ನಿರ್ಮಾಣವೊಂದು ಅಗಲ ಪರದೆಗೆ ಖರ್ಚು ಮಾಡುವುದು ದುಂದಿನಂತೆ ಕಾಣಬಹುದು, ಆದರೆ ಚಿತ್ರದ ಭಯವೆಲ್ಲ ನಿಂತಿರುವುದು ಅದರ ಮೇಲೆ. ಛಾಯಾಗ್ರಾಹಕ ಡೀನ್ ಕಂಡಿ ನಾಯಕಿಯನ್ನು ಒಂದು ಬದಿಗಿಟ್ಟು ಉಳಿದ ಜಾಗವನ್ನು ಖಾಲಿ ಬಿಡುತ್ತಾರೆ. ಆ ಕತ್ತಲಲ್ಲಿ ಯಾರೋ ಇದ್ದಾರೆಂದು ನಾವೇ ಹುಡುಕತೊಡಗುತ್ತೇವೆ. ರಕ್ತ ಕಾಣುವುದು ಬಹಳ ಕಡಿಮೆ. ಇದನ್ನು ನಕಲು ಮಾಡಿದ ಹತ್ತಾರು ಚಿತ್ರಗಳು ಚಾಕುವನ್ನಷ್ಟೇ ಕಲಿತವು, ಖಾಲಿ ಜಾಗವನ್ನು ಕಲಿಯಲಿಲ್ಲ.

ಇಲ್ಲಿ ಹಿಚ್‌ಕಾಕ್ ನೆರಳೂ ಇದೆ. ನಾಯಕಿ ಜೇಮೀ ಲೀ ಕರ್ಟಿಸ್ ಹಿಚ್‌ಕಾಕ್‌ರ ‘ಸೈಕೋ’ ಚಿತ್ರದ ನಟಿ ಜಾನೆಟ್ ಲೀ ಅವರ ಮಗಳು. ವೈದ್ಯ ಲೂಮಿಸ್‌ನ ಹೆಸರೂ ‘ಸೈಕೋ’ದ್ದೇ. ಇನ್ನು ಸಂಗೀತ. ಹಿನ್ನೆಲೆ ಸಂಗೀತವಿಲ್ಲದ ಪ್ರತಿಯನ್ನು ನೋಡಿದ ಸ್ಟುಡಿಯೊ ಅಧಿಕಾರಿಯೊಬ್ಬರಿಗೆ ಭಯವೇ ಆಗಲಿಲ್ಲವಂತೆ. ಕಾರ್ಪೆಂಟರ್ ತಂದೆ ಕಲಿಸಿದ ಐದು ಮಾತ್ರೆಯನ್ನು ಪಿಯಾನೊ ಮೇಲೆ ನುಡಿಸಿದರು. ನಾಲ್ಕಕ್ಕೆ ಒಗ್ಗಿದ ಕಿವಿಗೆ ಆ ತಾಳ ನೆಲೆ ಸಿಗಗೊಡುವುದಿಲ್ಲ.

ಸೋತು ಗೆದ್ದ ‘ದ ಥಿಂಗ್’

ಅವರ ಅತ್ಯುತ್ತಮ ಚಿತ್ರ ಇದೇ ಎಂಬುದರಲ್ಲಿ ಈ ಲೇಖಕನಿಗೆ ಅನುಮಾನವಿಲ್ಲ. ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ 1938ರಲ್ಲಿ ಬರೆದ ಕಥೆಯನ್ನು ಹಾಕ್ಸ್ 1951ರಲ್ಲೇ ಚಿತ್ರವಾಗಿ ನಿರ್ಮಿಸಿದ್ದರು. ಅದರಲ್ಲಿ ವೈರಿ ಬೇರೆ, ಮನುಷ್ಯರು ಬೇರೆ. ಕಾರ್ಪೆಂಟರ್ ಗುರುವಿನ ಚಿತ್ರ ಬಿಟ್ಟು ಮೂಲ ಕಥೆಗೆ ಮರಳಿದರು. ಅಂಟಾರ್ಕ್ಟಿಕಾದ ಶಿಬಿರಕ್ಕೆ ನುಗ್ಗಿದ ಜೀವಿ ಯಾರ ರೂಪವನ್ನಾದರೂ ತಾಳಬಲ್ಲದು. ಮುತ್ತಿಗೆ ಈಗ ಹೊರಗಿನಿಂದಲ್ಲ, ಪಕ್ಕದ ಕುರ್ಚಿಯಿಂದ. ಕಾಯಿಸಿದ ತಂತಿಯನ್ನು ಒಬ್ಬೊಬ್ಬರ ರಕ್ತಕ್ಕೆ ತಾಗಿಸಿ ನೋಡುವ ದೃಶ್ಯದಲ್ಲಿ ಉಸಿರು ಬಿಗಿಹಿಡಿಯದವರು ಕಡಿಮೆ.

ಚಿತ್ರ 1982ರ ಜೂನ್ 25ರಂದು ತೆರೆಕಂಡಿತು. ಎರಡು ವಾರದ ಹಿಂದಷ್ಟೇ ಸ್ಪೀಲ್‌ಬರ್ಗ್‌ರ ‘ಇ.ಟಿ.’ ಬಂದು ಮುದ್ದಾದ ಅನ್ಯಗ್ರಹ ಜೀವಿಯನ್ನು ಮನೆಮನೆಗೆ ತಂದಿತ್ತು. ವಿಮರ್ಶಕರು ‘ದ ಥಿಂಗ್’ ಅನ್ನು ಅಸಹ್ಯವೆಂದು ತಳ್ಳಿಹಾಕಿದರು. ರಾಬ್ ಬಾಟಿನ್ ರಬ್ಬರು, ಅಂಟು, ಯಂತ್ರಗಳಲ್ಲಿ ರೂಪಿಸಿದ ವಿಕಾರ ದೇಹಗಳನ್ನು ಕಲೆಯೆಂದು ಒಪ್ಪಲು ವರ್ಷಗಳೇ ಬೇಕಾದವು. ಎನ್ನಿಯೊ ಮೊರಿಕೋನೆಯ ಸಂಗೀತವಂತೂ ಅತಿ ಕೆಟ್ಟದ್ದರ ಅಣಕ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಅಂದು ಬಳಸದೆ ಉಳಿದ ತುಣುಕುಗಳಲ್ಲಿ ಕೆಲವನ್ನು ಮೊರಿಕೋನೆ ಟ್ಯಾರಂಟಿನೊರ ‘ದ ಹೇಟ್‌ಫುಲ್ ಏಟ್’ಗೆ (2015) ಕೊಟ್ಟರು. ಆ ಚಿತ್ರದ ಸಂಗೀತಕ್ಕೆ ಆಸ್ಕರ್ ಬಂತು. ಅದು ಹಿಮದಲ್ಲಿ ಸಿಕ್ಕಿಬಿದ್ದವರ ವೆಸ್ಟರ್ನ್. ‘ದ ಥಿಂಗ್’ ನಾಯಕ ಕರ್ಟ್ ರಸೆಲ್ ಅದರಲ್ಲೂ ಇದ್ದಾರೆ.

ಕಪ್ಪು ಕನ್ನಡಕ

‘ಬಿಗ್ ಟ್ರಬಲ್ ಇನ್ ಲಿಟ್ಲ್ ಚೈನಾ’ (1986) ನೆಲಕಚ್ಚಿದ ಮೇಲೆ ಕಾರ್ಪೆಂಟರ್ ದೊಡ್ಡ ಸ್ಟುಡಿಯೊ ಬಿಟ್ಟು ಸಣ್ಣ ಬಂಡವಾಳಕ್ಕೆ ಮರಳಿದರು. ‘ಪ್ರಿನ್ಸ್ ಆಫ್ ಡಾರ್ಕ್‌ನೆಸ್’ಗೆ (1987) ಮಾರ್ಟಿನ್ ಕ್ವಾಟರ್‌ಮಾಸ್ ಎಂಬ ಹೆಸರಲ್ಲಿ ಬರೆದರು. ಅದು ಬ್ರಿಟಿಷ್ ಲೇಖಕ ನೈಜಲ್ ನೀಲ್ ಸೃಷ್ಟಿಸಿದ ವಿಜ್ಞಾನಿಗೆ ಸಲ್ಲಿಸಿದ ನಮಸ್ಕಾರ. ಭಯಾನಕ ಕಥೆಗಳ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್‌ರ ಪ್ರಭಾವ ‘ಇನ್ ದ ಮೌತ್ ಆಫ್ ಮ್ಯಾಡ್‌ನೆಸ್’ನಲ್ಲಿ ಎದ್ದು ಕಾಣುತ್ತದೆ.

‘ದೆ ಲಿವ್’ನಲ್ಲಿ (1988) ಕೂಲಿಯೊಬ್ಬನಿಗೆ ಸಿಕ್ಕ ಕಪ್ಪು ಕನ್ನಡಕ ಜಾಹೀರಾತುಗಳ ಹಿಂದಿನ ಅಪ್ಪಣೆಗಳನ್ನು ತೋರಿಸುತ್ತದೆ: ವಿಧೇಯನಾಗು, ಕೊಳ್ಳು. ರೇಗನ್ ಕಾಲದ ಹಣದ ಹುಚ್ಚಿನ ಮೇಲೆ ಬೀಸಿದ ಈ ಚಾಟಿ ಇಂದೂ ಸವೆದಿಲ್ಲ.

ಮುಂದಿನ ಚಿತ್ರಗಳಲ್ಲಿ ಏರಿಗಿಂತ ಇಳಿವು ಹೆಚ್ಚು. 2010ರ ‘ದ ವಾರ್ಡ್’ ನಂತರ ಅವರ ಮನಸ್ಸು ಸಂಗೀತದ ಕಡೆಗೇ ವಾಲಿತು. ಮಗ ಕೋಡಿ ಜೊತೆಗೂಡಿ 2015ರಲ್ಲಿ ‘ಲಾಸ್ಟ್ ಥೀಮ್ಸ್’ ಆಲ್ಬಂ ತಂದರು. ಕಾರ್ಪೆಂಟರ್ ಚಿತ್ರಗಳನ್ನು ಹೊಸದಾಗಿ ನೋಡುವವರು ‘ದ ಥಿಂಗ್’ನಿಂದ ಶುರುಮಾಡಿ. ಯಾವ ಚಿತ್ರ ನೋಡಿದರೂ ಪಕ್ಕಗಳನ್ನು ಕತ್ತರಿಸದ ಅಗಲ ಪರದೆಯ ಪ್ರತಿಯನ್ನೇ ಹುಡುಕಿ, ಫೋನಿನಲ್ಲಂತೂ ನೋಡಬೇಡಿ.