ಬೆತ್ತ, ಲೇಟ್ ಪಟ್ಟಿ ಮತ್ತು ನಮ್ಮೂರ ಹೈಸ್ಕೂಲು

"ಈಗಿನ ಮಕ್ಕಳಿಗೆ ಶಿಸ್ತೇ ಇಲ್ಲ. ನಮ್ಮ ಕಾಲದಲ್ಲಿ ಮಾಸ್ತರರ ಬೆತ್ತ ಕಂಡ್ರೆ ಸಾಕಿತ್ತು!" ಡೊಂಬಿವಲಿಯಿಂದ ಹೊರಡುವ ಬೆಳಗಿನ ಲೋಕಲ್‌ನಲ್ಲಿ ಊರ ಕಡೆಯ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ನಾನೂ ವರ್ಷಗಟ್ಟಲೆ ಹೂಂಗುಟ್ಟಿದವನೇ. ಆದರೆ ಆ ಶಿಸ್ತಿನ ಹಿಂದೆ ಏನೇನಿತ್ತು ಅಂತ ಯೋಚಿಸಿದ್ದು ಈಚೆಗೆ.

ನಮ್ಮದು ಉತ್ತರ ಕನ್ನಡದ ಅಂಕೋಲೆ ಸೀಮೆ. ಸ್ವಾತಂತ್ರ್ಯಕ್ಕೆ ಮೊದಲು ಹೈಸ್ಕೂಲು ಓದಬೇಕೆಂದರೆ ಹೆಚ್ಚಾಗಿ ಕಾರವಾರ, ಕುಮಟಾದಂಥ ಪೇಟೆಗೇ ಹೋಗಬೇಕಿತ್ತು. ಹೋಗುತ್ತಿದ್ದವರು ಉಳ್ಳವರ ಮಕ್ಕಳು. ಗೇಣಿಗೆ ಗದ್ದೆ ಮಾಡುವವರ ಮಕ್ಕಳು ಅಲ್ಲಿ ಅಪರೂಪ. ಚುಟುಕು ಕವಿ ದಿನಕರ ದೇಸಾಯಿಯವರು (1909-1982) ಮುಂಬಯಿಯಲ್ಲಿ ಹಡಗು ಕಾರ್ಮಿಕರ ಸಂಘಟನೆ ಮಾಡಿದವರು, ಊರಲ್ಲಿ ರೈತರ ಪರ ನಿಂತು 1940ರಲ್ಲಿ ಜಿಲ್ಲೆಯಿಂದ ಗಡೀಪಾರಾದವರು. ಅವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಸಾಲು ಸಾಲು ಹೈಸ್ಕೂಲು ತೆರೆದರು. 1974ರ ಭೂಸುಧಾರಣೆಯ ನಂತರ ಉಳುವವನೇ ಒಡೆಯನಾದ. ಒಡೆಯರ ಮಗ, ಒಕ್ಕಲಿನವನ ಮಗ ಒಂದೇ ಬೆಂಚಿನಲ್ಲಿ ಕೂತರು. ಶಾಲೆಯ ಗಂಟೆ ಮಾತ್ರ ಗೋಡೆ ಗಡಿಯಾರ ಇರುವ ಮನೆಯ ಲೆಕ್ಕದಲ್ಲೇ ಬಾರಿಸುತ್ತಿತ್ತು.

1980ರ ದಶಕದ ಮೊದಲಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ, ಕ್ಲಾಸಿಗೆ ಮಾನಿಟರ್. ತಡವಾಗಿ ಬಂದವರ ಹೆಸರು, ಸಮಯ ಬರೆದಿಡುವುದು ನನ್ನ ಕೆಲಸ. ಮಳೆಗಾಲದಲ್ಲಿ ಒಬ್ಬ ಗೆಳೆಯನ ಹೆಸರು ದಿನಾ ಇರುತ್ತಿತ್ತು. ಅವನ ಮನೆಯಲ್ಲಿ ಹೈಸ್ಕೂಲು ಮೆಟ್ಟಿಲು ಹತ್ತಿದವನು ಅವನೇ ಮೊದಲು. ನಾಟಿಯ ದಿನಗಳಲ್ಲಿ ಬೆಳಗಾಗುವ ಮೊದಲೇ ಗದ್ದೆಗೆ ಇಳಿದು, ಗಂಜಿ ಕುಡಿದು, ಗಂಗಾವಳಿ ಹೊಳೆಯನ್ನು ದೋಣಿಯಲ್ಲಿ ದಾಟಿ, ಮತ್ತೆ ನಡೆದು ಬರಬೇಕು. ಹೊಳೆ ತುಂಬಿದ ದಿನ ದೋಣಿಯೇ ಇಲ್ಲ. ಬಂದ ತಕ್ಷಣ ಅಂಗೈ ಮೇಲೆ ಬೆತ್ತ. ಅವನ ಅಪ್ಪನೇ ಶಾಲೆಗೆ ಬಂದು, "ಹೊಡ್ದಾದ್ರೂ ಬುದ್ಧಿ ಕಲಿಸಿ ಮಾಸ್ತರ್ರೇ" ಅಂತ ಕೈಮುಗಿದು ಹೋಗಿದ್ದರು. ಒಡೆಯರ ಜಗಲಿಯ ಕೆಳಗೆ ನಿಂತು ರೂಢಿಯಾದ ಕೈಗಳವು. ಒಂಬತ್ತನೇ ಇಯತ್ತೆಯ ಅರ್ಧಕ್ಕೇ ಅವನು ಶಾಲೆ ಬಿಟ್ಟು ಮುಂಬಯಿ ಬಸ್ಸು ಹತ್ತಿದ. "ಉಡಾಳ" ಅಂದರು ಎಲ್ಲರೂ.

ಆ "ಉಡಾಳ" ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಸಂಜೆ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಪಾಸಾದ. ಮೊಗವೀರ ಸಮಾಜದವರು 1908ರಲ್ಲೇ ಇಲ್ಲಿ ಉಚಿತ ರಾತ್ರಿ ಶಾಲೆ ಶುರುಮಾಡಿದ್ದರು. ಮುಂದೆ ಬೇರೆ ಕನ್ನಡ ಸಂಸ್ಥೆಗಳೂ ಮಾಡಿದವು, ಹಲವು ಈಗ ಮುಚ್ಚಿವೆ. ಕೆಲಸ ಮುಗಿಸಿ ಬಂದ ಹುಡುಗರು ನಿದ್ದೆ ತಡೆದುಕೊಂಡು ಪಾಠ ಕೇಳುತ್ತಿದ್ದರು. ಅವರನ್ನು ಅಲ್ಲಿ ಕೂರಿಸಿದ್ದು ಬೆತ್ತವಲ್ಲ. ಹುಡುಗನ ದುಡಿಮೆ ನೋಡಿಕೊಂಡು ಗಂಟೆ ಬಾರಿಸಿದ ಶಾಲೆ ಅದು. ಇಷ್ಟೇ ವ್ಯತ್ಯಾಸ.

ಸರಕಾರಕ್ಕೂ ಇದು ನಿಧಾನವಾಗಿ ಹೊಳೆಯಿತು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಗೆ ಉಚಿತ ಸೈಕಲ್ ಯೋಜನೆ ಬಂತು, 2007ರಲ್ಲಿ ಬಿಸಿಯೂಟ ಹೈಸ್ಕೂಲಿಗೂ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದವರೆಗಿನ ಮಕ್ಕಳಿಗೆ ಹೊಡೆಯುವುದನ್ನೇ ನಿಷೇಧಿಸಿತು. ತಡವಾಗುವುದಕ್ಕೂ ತೂಕಡಿಸುವುದಕ್ಕೂ ದೂರ, ಹಸಿವು ಕಾರಣವಾಗಿದ್ದಲ್ಲಿ ಸೈಕಲ್ಲು, ಅನ್ನ ಮಾಡುವಷ್ಟನ್ನು ಬೆತ್ತ ಹೇಗೆ ಮಾಡೀತು?

ಕೆಲವು ವರ್ಷಗಳ ಹಿಂದೆ ಡೊಂಬಿವಲಿಯ ಒಂದು ಕಾರ್ಯಕ್ರಮದಲ್ಲಿ ಆ ಗೆಳೆಯ ಸಿಕ್ಕಿದ. ನವಿಮುಂಬಯಿಯಲ್ಲಿ ಸ್ವಂತ ಕ್ಯಾಂಟೀನು, ಮಗಳು ಇಂಜಿನಿಯರು. ಹೆಂಡತಿಗೆ ನನ್ನನ್ನು ತೋರಿಸಿ, "ನನ್ನ ಹೆಸ್ರು ಅಷ್ಟು ಸಲ ಬರ್ದವ ಇವನೊಬ್ನೇ ನೋಡು" ಅಂತ ನಕ್ಕ. ನನಗೆ ನಗು ಬರಲಿಲ್ಲ.

ಬ್ಯಾಂಕಿನಲ್ಲಿ ಸಾಲದ ಕಂತು ತಡವಾದರೆ ನಾವು ಮೊದಲು ಕಾರಣ ಕೇಳುತ್ತೇವೆ, ಆಮೇಲೆ ನೋಟೀಸು. ಹದಿಮೂರು ವರ್ಷದ ಹುಡುಗನಿಗೆ ಆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ನನ್ನ ಪಟ್ಟಿಯಲ್ಲಿ ಹೆಸರಿತ್ತು, ಸಮಯವಿತ್ತು. ಕಾರಣಕ್ಕೆ ಜಾಗವೇ ಇರಲಿಲ್ಲ.

ನಿಮ್ಮ ಶಾಲೆಯಲ್ಲೂ ಇಂಥ ಒಬ್ಬ "ಉಡಾಳ" ಇದ್ದನೇ? ಈಗ ಎಲ್ಲಿದ್ದಾನೆ?